ಬೀಜಗಣಿತ ಮತ್ತು ಚಲನೆಯ ಲೆಕ್ಕಗಳು: ಮಕ್ಕಳು, ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ 8, 9, 10ನೇ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಬೀದರ್, ಯಾದಗಿರಿ, ಸೇಡಂ, ಆಳಂದ ಕಡೆಯಿಂದಲೂ ಮಕ್ಕಳು ಪತ್ರ ಬರೆಯುತ್ತಾರೆ, ಪಾಲಕರು ಫೋನ್ ಮಾಡುತ್ತಾರೆ. ಊರು ಬೇರೆಯಾದರೂ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ. ಅವನ್ನು ಅವರ ಮಾತಿನಲ್ಲೇ ಇಟ್ಟು, ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ ಬರುವಂತೆ ಜೋಡಿಸಿದ್ದೇನೆ.

ಬರವಣಿಗೆಯ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಎಕ್ಸ್, ವೈ ಇರುವ ಕಡೆ ಇಲ್ಲಿ ಕ್ಷ, ಯ ಎಂದು ಬರೆದಿದ್ದೇನೆ. ಚಲನೆಯ ಸೂತ್ರದ ಅಕ್ಷರಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಇಟ್ಟಿದ್ದೇನೆ: ಯು ಎಂದರೆ ಆರಂಭಿಕ ವೇಗ, ವಿ ಅಂತಿಮ ವೇಗ, ಎ ವೇಗೋತ್ಕರ್ಷ (ವೇಗ ಬದಲಾಗುವ ದರ), ಟಿ ಕಾಲ, ಎಸ್ ಸ್ಥಾನಪಲ್ಲಟ. ಬೆಲೆಗಳು, ಬಸ್ಸಿನ ವೇಗಗಳು ಲೆಕ್ಕಕ್ಕಾಗಿ ಹಿಡಿದುಕೊಂಡವು.

## ಶುರುವಿನ ಪ್ರಶ್ನೆಗಳು

ಲೆಕ್ಕ ಎರಡು ಸಲ ಓದಿದ್ರೂ ಎಲ್ಲಿಂದ ಶುರು ಮಾಡ್ಬೇಕಂತ ತಿಳಿಯಂಗಿಲ್ಲ ಮೇಡಂ. ಏನ್ ಮಾಡ್ಲಿ?

ಸೂತ್ರ ಹುಡುಕಬೇಡಿ. ಮೊದಲು ಲೆಕ್ಕದ ಕೊನೆಯ ವಾಕ್ಯ ಓದಿ. ಏನು ಕೇಳಿದ್ದಾರೆ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದಕ್ಕೊಂದು ಹೆಸರು ಕೊಡಿ, ಏಕಮಾನವನ್ನೂ ಜೊತೆಗೇ ಬರೆಯಿರಿ. ಆಮೇಲೆ ಲೆಕ್ಕದ ಒಂದೊಂದು ವಾಕ್ಯಕ್ಕೆ ಒಂದೊಂದು ಸಾಲು ಬರೆಯುತ್ತಾ ಹೋಗಿ.

ಒಂದು ಲೆಕ್ಕ ನೋಡೋಣ. ತೊಗರಿ ಬೇಳೆಯ ಕಿಲೋ ದರ ಜೋಳದ ದರದ ಮೂರರಷ್ಟಕ್ಕಿಂತ 10 ರೂಪಾಯಿ ಜಾಸ್ತಿ. 2 ಕಿಲೋ ಬೇಳೆ, 5 ಕಿಲೋ ಜೋಳ ತಂದರೆ ಒಟ್ಟು 460 ರೂಪಾಯಿ. ಎರಡರ ದರ ಎಷ್ಟು?

ಜೋಳದ ದರ ಕಿಲೋಗೆ ಕ್ಷ ರೂಪಾಯಿ ಇರಲಿ.
ಬೇಳೆಯ ದರ ಕಿಲೋಗೆ 3ಕ್ಷ + 10 ರೂಪಾಯಿ.
2 ಕಿಲೋ ಬೇಳೆಗೆ 2(3ಕ್ಷ + 10), 5 ಕಿಲೋ ಜೋಳಕ್ಕೆ 5ಕ್ಷ.
2(3ಕ್ಷ + 10) + 5ಕ್ಷ = 460
11ಕ್ಷ + 20 = 460
11ಕ್ಷ = 440, ಆದ್ದರಿಂದ ಕ್ಷ = 40.

ಜೋಳ 40 ರೂಪಾಯಿ, ಬೇಳೆ 130 ರೂಪಾಯಿ. ಈಗ ತಾಳೆ ನೋಡಬೇಕು. ತಾಳೆ ನೋಡುವುದು ಸಮೀಕರಣದಲ್ಲಿ ಅಲ್ಲ, ಲೆಕ್ಕದ ವಾಕ್ಯದಲ್ಲಿ. ಸಮೀಕರಣವನ್ನೇ ತಪ್ಪು ಬರೆದಿದ್ದರೆ ತಪ್ಪು ಉತ್ತರವೂ ಅದರಲ್ಲಿ ಸರಿಯಾಗಿ ಕೂತುಬಿಡುತ್ತದೆ. ವಾಕ್ಯಕ್ಕೆ ಹೋಗಿ: 2 ಕಿಲೋ ಬೇಳೆಗೆ 260, 5 ಕಿಲೋ ಜೋಳಕ್ಕೆ 200, ಒಟ್ಟು 460. ಸರಿಯಾಯಿತು.

ಈ ಇಡೀ ಪುಟದಲ್ಲಿ ನಾನು ಹೇಳುವ ಮುಖ್ಯ ಮಾತು ಇದೇ: ವಾಕ್ಯದಿಂದ ಸಾಲಿಗೆ ಬನ್ನಿ, ಉತ್ತರ ಬಂದ ಮೇಲೆ ಮತ್ತೆ ವಾಕ್ಯಕ್ಕೇ ಹೋಗಿ. ನಡುವಿನ ಕೂಡುವುದು, ಕಳೆಯುವುದು ನಿಮಗೆ ಮೊದಲೇ ಬರುತ್ತದೆ.

ನನಗ ಗಣಿತ ಅಷ್ಟು ಬರಂಗಿಲ್ರಿ. ಮಗಳಿಗೆ ಮನ್ಯಾಗ ಹ್ಯಾಂಗ ಸಹಾಯ ಮಾಡ್ಲಿ?

ಲೆಕ್ಕ ಬಿಡಿಸಿ ತೋರಿಸುವ ಅಗತ್ಯವೇ ಇಲ್ಲ. ಅವಳ ಪಕ್ಕ ಕೂತು ಮೂರು ಮಾತು ಕೇಳಿ. "ಇದರಾಗ ಏನು ಕೇಳ್ಯಾರ?" "ನೀ ಯಾವುದಕ್ಕ ಕ್ಷ ಅಂದಿ?" "ಬಂದ ಉತ್ತರ ಲೆಕ್ಕದ ಮಾತಿಗೆ ಹೊಂದತದೇನು?" ಮಗು ಗಟ್ಟಿಯಾಗಿ ಉತ್ತರ ಹೇಳುವಾಗಲೇ ಅರ್ಧ ತಪ್ಪುಗಳು ಅದಕ್ಕೇ ಕಾಣುತ್ತವೆ. ಹೊಲದ ಲೆಕ್ಕ, ಸಂತೆ ಲೆಕ್ಕ ದಿನಾ ಮಾಡುವ ತಾಯಂದಿರಿಗೆ ಮೂರನೇ ಪ್ರಶ್ನೆ ಚೆನ್ನಾಗಿ ಕೇಳಲು ಬರುತ್ತದೆ. ಜೋಳದ ದರ 400 ರೂಪಾಯಿ ಅಂತ ಬಂದರೆ ಎಲ್ಲೋ ತಪ್ಪಿದೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಈ ಕಡೆ ಇದ್ದ ಪ್ಲಸ್ ಆ ಕಡೆ ಹೋದ್ರ ಯಾಕ್ರಿ ಮೈನಸ್ ಆಗ್ತದ?

ನಿಜ ಹೇಳಬೇಕೆಂದರೆ ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಸಮೀಕರಣ ಸಮವಾಗಿ ನಿಂತ ತಕ್ಕಡಿಯ ಹಾಗೆ. ಒಂದು ತಟ್ಟೆಯಿಂದ ಏನು ತೆಗೆದರೂ ಇನ್ನೊಂದರಿಂದಲೂ ಅಷ್ಟೇ ತೆಗೆಯಬೇಕು.

7ಕ್ಷ − 12 = 3ಕ್ಷ + 20 ಇದೆ ಎನ್ನಿ. ಎರಡೂ ಕಡೆಯಿಂದ 3ಕ್ಷ ಕಳೆಯಿರಿ: 4ಕ್ಷ − 12 = 20. ಎರಡೂ ಕಡೆ 12 ಕೂಡಿಸಿ: 4ಕ್ಷ = 32. ಎರಡೂ ಕಡೆ 4ರಿಂದ ಭಾಗಿಸಿ: ಕ್ಷ = 8. ಎಡಗಡೆ 56 − 12 = 44, ಬಲಗಡೆ 24 + 20 = 44.

"ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಎಂಬುದನ್ನೇ ಬಾಯಿಪಾಠ ಮಾಡಿದ ಮಕ್ಕಳು 5ಕ್ಷ = 20 ಬಂದಾಗ ಕ್ಷ = 20 − 5 ಎಂದು ಬರೆಯುತ್ತಾರೆ. 5 ಇಲ್ಲಿ ಗುಣಿಸಿಕೊಂಡು ನಿಂತಿದೆ, ಆದ್ದರಿಂದ ಭಾಗಿಸಬೇಕು. ಹೊಸದಾಗಿ ಕಲಿಯುವವರು ಕೆಲವು ದಿನ "ಎರಡೂ ಕಡೆ ಇಷ್ಟು ಕಳೆದಾಗ" ಎಂದು ಪೂರ್ತಿ ಬರೆಯಲಿ. ಕೈಗೆ ಅಭ್ಯಾಸವಾದ ಮೇಲೆ ಆ ಸಾಲು ಬಿಟ್ಟರೂ ನಡೆಯುತ್ತದೆ.

ಬ್ರಾಕೆಟ್ ಮುಂದ ಮೈನಸ್ ಇದ್ರ ಪ್ರತಿ ಸಲ ತಪ್ಪಾಗ್ತದ!

ಮೈನಸ್ ಬ್ರಾಕೆಟ್ಟಿನ ಮೊದಲ ಪದಕ್ಕೆ ಮಾತ್ರ ಅಲ್ಲ, ಒಳಗಿರುವ ಎಲ್ಲ ಪದಗಳಿಗೂ ಸೇರಿದ್ದು. 20 − 3(ಕ್ಷ − 4) = 5 ಎಂಬುದರಲ್ಲಿ −3 ಅನ್ನು ಕ್ಷ ಜೊತೆ ಗುಣಿಸಿದರೆ −3ಕ್ಷ, −4ರ ಜೊತೆ ಗುಣಿಸಿದರೆ +12. ಹಾಗಾಗಿ 20 − 3ಕ್ಷ + 12 = 5, ಅಂದರೆ 3ಕ್ಷ = 27, ಕ್ಷ = 9. ಬಹಳ ಮಕ್ಕಳು +12ರ ಬದಲು −12 ಬರೆದು ಕ್ಷ = 1 ತರುತ್ತಾರೆ. ಅದನ್ನು ಮೂಲ ಸಮೀಕರಣದಲ್ಲಿ ಇಟ್ಟರೆ 29 ಬರುತ್ತದೆ, 5 ಬರುವುದಿಲ್ಲ.

"ಎರಡರಷ್ಟಕ್ಕಿಂತ 7 ಹೆಚ್ಚು", "7 ಕೂಡಿಸಿ ಎರಡರಷ್ಟು" ಎರಡೂ ಒಂದೇ ಅನಿಸ್ತದ.

ಯಾವ ಕೆಲಸ ಮೊದಲು ಆಯಿತು ಎಂದು ನೋಡಿ. ಮೊದಲನೆಯದರಲ್ಲಿ ಎರಡು ಪಟ್ಟು ಮಾಡಿ ಆಮೇಲೆ 7 ಕೂಡಿಸಿದ್ದಾರೆ: 2ಕ್ಷ + 7. ಎರಡನೆಯದರಲ್ಲಿ ಮೊದಲು ಕೂಡಿಸಿದ್ದಾರೆ: 2(ಕ್ಷ + 7). ಅನುಮಾನ ಬಂದರೆ ಕ್ಷ ಬದಲು 10 ಇಟ್ಟು ನೋಡಿ. ಒಂದರಲ್ಲಿ 27, ಇನ್ನೊಂದರಲ್ಲಿ 34. ಹಾಗೆಯೇ "ಒಂದು ಸಂಖ್ಯೆಗಿಂತ 5 ಕಡಿಮೆ" ಅಂದರೆ ಕ್ಷ − 5. ಇದನ್ನು 5 − ಕ್ಷ ಎಂದು ಬರೆಯಬಾರದು.

ವಯಸ್ಸಿನ ಲೆಕ್ಕದಲ್ಲಿ ಇನ್ನೊಂದು ಎಚ್ಚರ ಬೇಕು. ಅಪ್ಪನ ವಯಸ್ಸು ಮಗನ ವಯಸ್ಸಿನ 3 ಪಟ್ಟು, 12 ವರ್ಷ ಆದ ಮೇಲೆ 2 ಪಟ್ಟು. 12 ವರ್ಷ ಇಬ್ಬರಿಗೂ ಆಗುತ್ತದೆ! 3ಕ್ಷ + 12 = 2(ಕ್ಷ + 12). ಕ್ಷ = 12. ಮಗ 12, ಅಪ್ಪ 36. ಮುಂದೆ 24 ಮತ್ತು 48.

ಉತ್ತರ ಸರಿ ಇದ್ರ ಸಾಕಲ್ಲ, ಇಷ್ಟೆಲ್ಲ ಹೆಜ್ಜೆ ಯಾಕ ಬರೀಬೇಕು?

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದಲ್ಲಿ ಹೆಜ್ಜೆಗಳಿಗೆ ಅಂಕ ಇರುತ್ತದೆ. ಕೊನೆಯಲ್ಲಿ ಒಂದು ಕೂಡುವ ತಪ್ಪಾದರೂ ಮೇಲಿನ ಸರಿ ಸಾಲುಗಳ ಅಂಕ ಕೈಬಿಡುವುದಿಲ್ಲ. ಬರೀ ಉತ್ತರ ಬರೆದು ಅದು ತಪ್ಪಾದರೆ ಕೊಡಲು ಅಲ್ಲಿ ಏನೂ ಇರುವುದಿಲ್ಲ.

## ಎರಡು ಅಕ್ಷರ ಬಂದಾಗ, ವರ್ಗ ಬಂದಾಗ

ಆದೇಶ ವಿಧಾನ ಮಾಡ್ಬೇಕೋ ವರ್ಜಿಸುವ ವಿಧಾನ ಮಾಡ್ಬೇಕೋ? ಯಾವುದು ಸುಲಭ?

ಯಾವುದಾದರೂ ಒಂದು ಸಮೀಕರಣದಲ್ಲಿ ಕ್ಷ ಅಥವಾ ಯ ಒಂಟಿಯಾಗಿ, ಅಂದರೆ ಸಹಗುಣಕ 1 ಆಗಿ ನಿಂತಿದ್ದರೆ ಆದೇಶ ವಿಧಾನ (ಒಂದು ಅಕ್ಷರದ ಬೆಲೆಯನ್ನು ಇನ್ನೊಂದು ಸಮೀಕರಣದಲ್ಲಿ ಇಡುವುದು) ಹಿಡಿಯಿರಿ. ಇಲ್ಲದಿದ್ದರೆ ವರ್ಜಿಸುವ ವಿಧಾನ, ಅಂದರೆ ಎರಡು ಸಮೀಕರಣಗಳನ್ನು ಕೂಡಿಸಿ ಅಥವಾ ಕಳೆದು ಒಂದು ಅಕ್ಷರವನ್ನು ತೆಗೆದುಹಾಕುವುದು.

ಶರಣಬಸವೇಶ್ವರ ಜಾತ್ರೆಯಲ್ಲಿ 3 ಪ್ಲೇಟ್ ಮಿರ್ಚಿ ಭಜಿ, 2 ಚಹಾಕ್ಕೆ 110 ರೂಪಾಯಿ ಆಯಿತು. ಪಕ್ಕದವರು ಅದೇ ಅಂಗಡಿಯಲ್ಲಿ 1 ಪ್ಲೇಟ್ ಭಜಿ, 4 ಚಹಾ ತೆಗೆದುಕೊಂಡು 70 ರೂಪಾಯಿ ಕೊಟ್ಟರು. ಭಜಿ ಕ್ಷ, ಚಹಾ ಯ ಎಂದರೆ:

3ಕ್ಷ + 2ಯ = 110
ಕ್ಷ + 4ಯ = 70

ಎರಡನೆಯದರಲ್ಲಿ ಕ್ಷ ಒಂಟಿ. ಕ್ಷ = 70 − 4ಯ ಎಂದು ಮೊದಲನೆಯದರಲ್ಲಿ ಇಟ್ಟರೆ 210 − 12ಯ + 2ಯ = 110. 10ಯ = 100. ಚಹಾ 10, ಭಜಿ 30. ವರ್ಜಿಸುವ ವಿಧಾನದಲ್ಲಿ ಮೊದಲನೆಯದನ್ನು 2ರಿಂದ ಗುಣಿಸಿ (6ಕ್ಷ + 4ಯ = 220) ಎರಡನೆಯದನ್ನು ಕಳೆದರೆ 5ಕ್ಷ = 150. ಅದೇ 30. ಒಮ್ಮೊಮ್ಮೆ ಎರಡೂ ರೀತಿಯಲ್ಲಿ ಮಾಡಿ ನೋಡಿ, ಧೈರ್ಯ ಬರುತ್ತದೆ.

ವರ್ಗ ಸಮೀಕರಣ ಅಂದ್ರ ಸೂತ್ರನೇ ನೆನಪಿರಂಗಿಲ್ಲ. ಮತ್ತ ಎರಡು ಉತ್ತರ ಬರ್ತಾವ, ಯಾವುದು ಬರೀಬೇಕು?

ನಮ್ಮ ಕಡೆಯ ರೈಲಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಶುರುವಾಯಿತು, ಉದ್ದ ಸುಮಾರು 110 ಕಿ.ಮೀ. ಒಂದು ರೈಲು ತನ್ನ ಸರಾಸರಿ ಜವವನ್ನು (ಸ್ಪೀಡನ್ನು) ಗಂಟೆಗೆ 11 ಕಿ.ಮೀ. ಹೆಚ್ಚಿಸಿಕೊಂಡರೆ ಅರ್ಧ ಗಂಟೆ ಮುಂಚೆ ತಲುಪುತ್ತದೆ ಎನ್ನಿ. ಈಗಿನ ಜವ ಎಷ್ಟು?

ಈಗಿನ ಜವ ಗಂಟೆಗೆ ಕ್ಷ ಕಿ.ಮೀ. ಈಗ ಹಿಡಿಯುವ ಕಾಲ 110/ಕ್ಷ ಗಂಟೆ. ಜವ ಹೆಚ್ಚಾದರೆ 110/(ಕ್ಷ + 11) ಗಂಟೆ. ಎರಡರ ಅಂತರ ಅರ್ಧ ಗಂಟೆ. ಯಾವುದರಿಂದ ಯಾವುದನ್ನು ಕಳೆಯಬೇಕು? ನಿಧಾನ ಹೋದಾಗ ಜಾಸ್ತಿ ಹೊತ್ತು, ಆದ್ದರಿಂದ ಮೊದಲನೆಯದು ದೊಡ್ಡದು.

110/ಕ್ಷ − 110/(ಕ್ಷ + 11) = 1/2

ಎಡಗಡೆಯ ಎರಡು ಭಿನ್ನರಾಶಿ ಸೇರಿಸಿದರೆ ಅಂಶದಲ್ಲಿ 110 × 11 = 1210, ಛೇದದಲ್ಲಿ ಕ್ಷ(ಕ್ಷ + 11). ಅಡ್ಡ ಗುಣಿಸಿದರೆ:

ಕ್ಷ² + 11ಕ್ಷ = 2420

ಇಲ್ಲಿಂದ ಸೂತ್ರ ಇಲ್ಲದೆಯೇ ಹೋಗಬಹುದು. ಶ್ರೀಧರಾಚಾರ್ಯರ ಹೆಸರಿನಲ್ಲಿ ಬಂದಿರುವ ಹಳೆಯ ಉಪಾಯ ಇದು: ಎಡಗಡೆ ಒಂದು ಪೂರ್ಣ ವರ್ಗ ಮಾಡಿಕೊಳ್ಳಿ. ಎಲ್ಲವನ್ನೂ 4ರಿಂದ ಗುಣಿಸಿದರೆ 4ಕ್ಷ² + 44ಕ್ಷ = 9680. ಎರಡೂ ಕಡೆ 11ರ ವರ್ಗ 121 ಕೂಡಿಸಿದರೆ:

(2ಕ್ಷ + 11)² = 9801

9801 ಅಂದರೆ 99ರ ವರ್ಗ. 2ಕ್ಷ + 11 = 99 ಆದರೆ ಕ್ಷ = 44. 2ಕ್ಷ + 11 = −99 ಆದರೆ ಕ್ಷ = −55. ಪುಸ್ತಕದ ಸೂತ್ರ ಹುಟ್ಟಿದ್ದು ಇದೇ ಕೆಲಸವನ್ನು ಅಕ್ಷರಗಳಲ್ಲಿ ಮಾಡಿದಾಗ. ನಾಲ್ಕೈದು ಲೆಕ್ಕ ಹೀಗೆ ಬಿಡಿಸಿದ ಮಗುವಿಗೆ ಸೂತ್ರ ತಾನಾಗಿ ನೆನಪಿರುತ್ತದೆ.

ಈಗ ಎರಡು ಉತ್ತರದ ಮಾತು. ಸಮೀಕರಣಕ್ಕೆ ರೈಲು ಗೊತ್ತಿಲ್ಲ, ನಿಮಗೆ ಗೊತ್ತಿದೆ. ಜವ ಋಣ ಆಗಲು ಬರುವುದಿಲ್ಲ, ಅದಕ್ಕೆ −55 ಬಿಟ್ಟು 44 ಇಟ್ಟುಕೊಳ್ಳುತ್ತೇವೆ. ಬಿಟ್ಟ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ತಾಳೆ: 110/44 ಅಂದರೆ ಎರಡೂವರೆ ಗಂಟೆ, 110/55 ಅಂದರೆ ಎರಡು ಗಂಟೆ. ಆದರೆ ಋಣ ಉತ್ತರ ಬಂದಾಗೆಲ್ಲ ಕಣ್ಣು ಮುಚ್ಚಿ ಹೊಡೆದುಹಾಕಬೇಡಿ. ಅದಕ್ಕೂ ಅರ್ಥ ಇರುವ ಲೆಕ್ಕ ಮುಂದೆ ಬರುತ್ತದೆ.

ಶೋಧಕ ಋಣ ಬಂದ್ರ ಲೆಕ್ಕ ತಪ್ಪಾಗ್ಯದ ಅಂತ ಅರ್ಥ ಏನ್ರಿ?

ತಪ್ಪಾಗಿರಲೇಬೇಕೆಂದಿಲ್ಲ. ಕೇಳಿದ್ದು ಆಗದ ಮಾತು ಎಂದೂ ಇರಬಹುದು. ಸುತ್ತಳತೆ 40 ಮೀಟರ್, ವಿಸ್ತೀರ್ಣ 120 ಚದರ ಮೀಟರ್ ಇರುವ ಆಯತದ ಅಂಗಳ ಬೇಕು ಎಂದರೆ ಉದ್ದ ಕ್ಷ, ಅಗಲ 20 − ಕ್ಷ. ಕ್ಷ(20 − ಕ್ಷ) = 120, ಅಂದರೆ ಕ್ಷ² − 20ಕ್ಷ + 120 = 0. ಶೋಧಕ ಅಂದರೆ ಕ್ಷ ಮುಂದಿನ ಸಂಖ್ಯೆಯ ವರ್ಗದಿಂದ, ಕ್ಷ² ಮುಂದಿನ ಸಂಖ್ಯೆ ಮತ್ತು ಅಕ್ಷರವಿಲ್ಲದ ಸಂಖ್ಯೆಯ ಗುಣಲಬ್ಧದ 4 ಪಟ್ಟು ಕಳೆದದ್ದು; ಕ್ಷ ತೆಗೆಯಲು ಇದರ ವರ್ಗಮೂಲ ಬೇಕು. ಇಲ್ಲಿ ಶೋಧಕ 400 − 480 = −80. ಅಂಥ ಅಂಗಳ ಇಲ್ಲ. ಆ ಸುತ್ತಳತೆಗೆ ಹೆಚ್ಚೆಂದರೆ 10 ಮೀಟರ್ ಬಾಹುವಿನ ಚೌಕ ಬರುತ್ತದೆ, ಅದರ ವಿಸ್ತೀರ್ಣ 100 ಮಾತ್ರ.

ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಯಾಕೆಂದರೆ ಯಾವ ಸಂಖ್ಯೆಯ ವರ್ಗವೂ ಋಣ ಆಗುವುದಿಲ್ಲ ಎಂಬ ಮಾತನ್ನು ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾರೆ. ಅವರು ಇದ್ದದ್ದು ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆ ರಾಜನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. "ಗಣಿತ ನಮ್ಮ ಕಡೆಯವರಿಗೆ ಹತ್ತಲ್ಲ" ಅನ್ನುವ ಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಮುಂದೆ ಕಾಲೇಜಿನಲ್ಲಿ ಋಣ ಸಂಖ್ಯೆಗೂ ವರ್ಗಮೂಲ ಕೊಡುವ ಬೇರೆ ಬಗೆಯ ಸಂಖ್ಯೆಗಳನ್ನು ಕಲಿಯುತ್ತೀರಿ. 10ನೇ ತರಗತಿಯಲ್ಲಿ "ವಾಸ್ತವ ಮೂಲಗಳಿಲ್ಲ" ಎಂದು ಬರೆದರೆ ಸಾಕು.

## ಚಲನೆ: ಒಂದೇ ವೇಗದಲ್ಲಿ ಹೋಗುವ ಲೆಕ್ಕಗಳು

ದೂರ, ಸ್ಥಾನಪಲ್ಲಟ ಎರಡೂ ಒಂದೇ ಅಲ್ಲೇನ್ರಿ?

ಮನೆಯಿಂದ ಉತ್ತರಕ್ಕೆ 400 ಮೀಟರ್ ನಡೆದು, ಮರೆತ ಸಾಮಾನಿಗೆಂದು 150 ಮೀಟರ್ ವಾಪಸ್ ಬಂದಿರಿ. ಕಾಲು ಸವೆಸಿದ ದೂರ 550 ಮೀಟರ್. ಮನೆಯಿಂದ ಈಗ ಎಲ್ಲಿದ್ದೀರಿ? ಉತ್ತರಕ್ಕೆ 250 ಮೀಟರ್. ಅದು ಸ್ಥಾನಪಲ್ಲಟ. ದಿಕ್ಕು ಬರೆಯದಿದ್ದರೆ ಉತ್ತರ ಅರ್ಧವೇ. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ಸರಾಸರಿ ವೇಗ.

ಕಿಲೋಮೀಟರ್–ಗಂಟೆಯನ್ನ ಮೀಟರ್–ಸೆಕೆಂಡಿಗೆ ತಿರುಗಿಸೋವಾಗ 5/18 ಇಡಬೇಕೋ 18/5 ಇಡಬೇಕೋ?

1 ಕಿ.ಮೀ. ಅಂದರೆ 1000 ಮೀಟರ್, 1 ಗಂಟೆ ಅಂದರೆ 3600 ಸೆಕೆಂಡ್. 1000/3600 = 5/18. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್ ಎಂಬ ಒಂದು ಜೋಡಿ ನೆನಪಿಟ್ಟರೂ ಸಾಕು. 72 ಇದ್ದರೆ 20, 54 ಇದ್ದರೆ 15. ಸೆಕೆಂಡಿನ ಸಂಖ್ಯೆ ಯಾವಾಗಲೂ ಚಿಕ್ಕದು. ದೊಡ್ಡದು ಬಂದರೆ ಭಿನ್ನರಾಶಿ ತಲೆಕೆಳಗಾಗಿದೆ.

ಹೋಗೋವಾಗ 40, ಬರೋವಾಗ 60. ಸರಾಸರಿ 50 ಅಲ್ವಾ?

ಅಲ್ಲ. ಕಲಬುರಗಿಯಿಂದ ಹುಮನಾಬಾದಿಗೆ 60 ಕಿ.ಮೀ. ಎಂದು ಹಿಡಿಯೋಣ. ಹೋಗಲು ಒಂದೂವರೆ ಗಂಟೆ, ಬರಲು ಒಂದು ಗಂಟೆ. ಒಟ್ಟು 120 ಕಿ.ಮೀ., ಒಟ್ಟು ಎರಡೂವರೆ ಗಂಟೆ. ಸರಾಸರಿ ಜವ ಗಂಟೆಗೆ 48 ಕಿ.ಮೀ. ನಿಧಾನವಾಗಿ ಹೋದ ಹೊತ್ತೇ ಜಾಸ್ತಿ, ಅದಕ್ಕೆ ಸರಾಸರಿ 40ರ ಕಡೆಗೆ ವಾಲುತ್ತದೆ. 60 ಕಿ.ಮೀ. ಬದಲು ಬೇರೆ ದೂರ ಇಟ್ಟು ಮಾಡಿ ನೋಡಿ, 48ಏ ಬರುತ್ತದೆ. ಎರಡೂ ಜವದಲ್ಲಿ ಸಮಾನ ಹೊತ್ತು ಹೋಗಿದ್ದರೆ ಮಾತ್ರ 50.

ಎದುರಾಬದುರಾ ಬಂದ್ರ ವೇಗ ಕೂಡಿಸ್ತಾರ, ಒಂದೇ ಕಡೆ ಹೋದ್ರ ಕಳೀತಾರ. ಯಾಕ?

ನಡುವಿನ ಅಂತರ ಒಂದು ಗಂಟೆಯಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದಷ್ಟೇ ಕೇಳಿಕೊಳ್ಳಿ. ಎದುರಿಗೆ ಬರುವಾಗ ಇಬ್ಬರೂ ಅಂತರವನ್ನು ತಿನ್ನುತ್ತಾರೆ. ಹಿಂಬಾಲಿಸುವಾಗ ಹಿಂದಿನವನು ತಿನ್ನುತ್ತಾನೆ, ಮುಂದಿನವನು ಬೆಳೆಸುತ್ತಾನೆ.

ಕಲಬುರಗಿಯಿಂದ ಬಸ್ 8 ಗಂಟೆಗೆ ಹೊರಟು ಗಂಟೆಗೆ 45 ಕಿ.ಮೀ. ಹೋಗುತ್ತದೆ. ಬೀದರಿನಿಂದ ಜೀಪು 8.40ಕ್ಕೆ ಹೊರಟು 55 ಕಿ.ಮೀ. ಬರುತ್ತದೆ. ನಡುವೆ 110 ಕಿ.ಮೀ. ಇಬ್ಬರೂ ಒಟ್ಟಿಗೆ ಹೊರಟಿಲ್ಲ, ಅದಕ್ಕೆ ಮೊದಲು 8.40ಕ್ಕೆ ಚಿತ್ರ ಹೇಗಿದೆ ನೋಡಬೇಕು. 40 ನಿಮಿಷದಲ್ಲಿ ಬಸ್ 30 ಕಿ.ಮೀ. ಬಂದಿದೆ. ಉಳಿದದ್ದು 80 ಕಿ.ಮೀ. ಇಲ್ಲಿಂದ ಗಂಟೆಗೆ 45 + 55 = 100 ಕಿ.ಮೀ. ಕಡಿಮೆಯಾಗುತ್ತದೆ. 80/100 ಗಂಟೆ ಅಂದರೆ 48 ನಿಮಿಷ. ಭೇಟಿ 9.28ಕ್ಕೆ. ತಾಳೆ: ಬಸ್ 88 ನಿಮಿಷದಲ್ಲಿ 66 ಕಿ.ಮೀ., ಜೀಪು 48 ನಿಮಿಷದಲ್ಲಿ 44 ಕಿ.ಮೀ., ಕೂಡಿದರೆ 110. ಹುಮನಾಬಾದಿನ ಆಸುಪಾಸು ಎಂದಾಯಿತು.

ಅದೇ ಬಸ್ಸಿನ ಹಿಂದೆ ಅರ್ಧ ಗಂಟೆ ತಡವಾಗಿ ಒಂದು ಬೈಕು ಗಂಟೆಗೆ 60 ಕಿ.ಮೀ. ಹೊರಟರೆ ಹಿಡಿಯಬೇಕಾದ ಅಂತರ 22.5 ಕಿ.ಮೀ., ಗಂಟೆಗೆ ಕಡಿಮೆಯಾಗುವುದು 15. ಒಂದೂವರೆ ಗಂಟೆಗೆ ಹಿಡಿಯುತ್ತದೆ.

ರೈಲು ಪ್ಲಾಟ್‌ಫಾರ್ಮ್ ದಾಟೋ ಲೆಕ್ಕದಾಗ ಯಾರ ಉದ್ದ ಹಿಡೀಬೇಕು?

ರೈಲಿನ ಮೂತಿ ಪ್ಲಾಟ್‌ಫಾರ್ಮಿಗೆ ಮುಟ್ಟಿದಲ್ಲಿಂದ ಬಾಲ ಬಿಡುವ ತನಕ ಮೂತಿ ಎಷ್ಟು ಹೋಯಿತು? ಪ್ಲಾಟ್‌ಫಾರ್ಮಿನ ಉದ್ದ, ಜೊತೆಗೆ ರೈಲಿನ ಉದ್ದ. ಕಂಬ ದಾಟುವಾಗ ರೈಲಿನ ಉದ್ದ ಮಾತ್ರ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲದೆ ಹೋಗುವ ಒಂದು ರೈಲು ಕಂಬವನ್ನು 12 ಸೆಕೆಂಡಿನಲ್ಲಿ, 300 ಮೀಟರ್ ಪ್ಲಾಟ್‌ಫಾರ್ಮನ್ನು 27 ಸೆಕೆಂಡಿನಲ್ಲಿ ದಾಟಿತು ಎನ್ನಿ. ವೇಗ ಸೆಕೆಂಡಿಗೆ ಕ್ಷ ಮೀಟರ್ ಆದರೆ ರೈಲಿನ ಉದ್ದ 12ಕ್ಷ, ಮತ್ತು 12ಕ್ಷ + 300 = 27ಕ್ಷ. ಕ್ಷ = 20. ಉದ್ದ 240 ಮೀಟರ್, ವೇಗ ಗಂಟೆಗೆ 72 ಕಿ.ಮೀ.

## ವೇಗ ಬದಲಾಗುವಾಗ

ಮೂರು ಸೂತ್ರ ಅದಾವ. ಯಾವ ಲೆಕ್ಕಕ್ಕ ಯಾವುದು ಅಂತ ಹ್ಯಾಂಗ ತಿಳೀಬೇಕು?

ಐದು ಅಕ್ಷರಗಳನ್ನು ಒಂದರ ಕೆಳಗೆ ಒಂದು ಬರೆಯಿರಿ: ಯು, ವಿ, ಎ, ಟಿ, ಎಸ್. ಗೊತ್ತಿರುವುದರ ಮುಂದೆ ಸಂಖ್ಯೆ, ಕೇಳಿದ್ದರ ಮುಂದೆ ಪ್ರಶ್ನೆ ಚಿಹ್ನೆ. ಖಾಲಿ ಉಳಿದ ಅಕ್ಷರ ಯಾವ ಸೂತ್ರದಲ್ಲಿ ಇಲ್ಲವೋ ಅದನ್ನು ತೆಗೆದುಕೊಳ್ಳಿ. ವಿ = ಯು + ಎ × ಟಿ ಎಂಬುದರಲ್ಲಿ ಎಸ್ ಇಲ್ಲ. ಎಸ್ = ಯು × ಟಿ + ½ × ಎ × ಟಿ² ಎಂಬುದರಲ್ಲಿ ವಿ ಇಲ್ಲ. ವಿ² = ಯು² + 2 × ಎ × ಎಸ್ ಎಂಬುದರಲ್ಲಿ ಟಿ ಇಲ್ಲ.

ಗಂಟೆಗೆ 72 ಕಿ.ಮೀ. ವೇಗದ ಬಸ್ ಬ್ರೇಕ್ ಹಾಕಿದ ಮೇಲೆ 50 ಮೀಟರ್ ಹೋಗಿ ನಿಂತಿತು. ವೇಗೋತ್ಕರ್ಷ ಎಷ್ಟು?

ಯು = ಸೆಕೆಂಡಿಗೆ 20 ಮೀಟರ್ (ಮೊದಲು ಏಕಮಾನ ತಿರುಗಿಸಿಕೊಳ್ಳಿ)
ವಿ = 0 ("ನಿಂತಿತು" ಎಂಬ ಮಾತಿನಲ್ಲಿದೆ)
ಎಸ್ = 50 ಮೀಟರ್
ಎ = ?
ಟಿ ಖಾಲಿ, ಆದ್ದರಿಂದ ಮೂರನೇ ಸೂತ್ರ.

0 = 400 + 100 × ಎ, ಎ = −4. ಅಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 4 ಮೀಟರಿನಷ್ಟು ಇಳಿಯುತ್ತದೆ. 20ರಿಂದ ಸೊನ್ನೆಗೆ ಇಳಿಯಲು 5 ಸೆಕೆಂಡ್. ಸರಾಸರಿ ವೇಗ 10, ಐದು ಸೆಕೆಂಡಿಗೆ 50 ಮೀಟರ್. ತಾಳೆಯಾಯಿತು.

ಈ ಲೆಕ್ಕವನ್ನು ಇಲ್ಲಿಗೇ ಬಿಡಲು ನನಗೆ ಮನಸ್ಸಾಗುವುದಿಲ್ಲ. ಅದೇ ಬ್ರೇಕು, ಆದರೆ ವೇಗ ಅರ್ಧ, ಗಂಟೆಗೆ 36 ಕಿ.ಮೀ. ಎನ್ನಿ. 0 = 100 − 8 × ಎಸ್, ಎಸ್ = 12.5 ಮೀಟರ್. ವೇಗ ಅರ್ಧವಾದರೆ ನಿಲ್ಲುವ ದೂರ ಅರ್ಧವಲ್ಲ, ಕಾಲು ಭಾಗ! ಸೂತ್ರದಲ್ಲಿ ಯು ಅಲ್ಲ, ಯು² ಇರುವುದರ ಫಲ ಇದು. ಎದುರಿಗೆ ಎಮ್ಮೆ ಕಂಡು ಚಾಲಕ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ 72ರ ವೇಗದಲ್ಲಿ ಇನ್ನೂ 20 ಮೀಟರ್ ಸೇರಿ ಒಟ್ಟು 70. ಅರ್ಧ ವೇಗದಲ್ಲಿ 22.5 ಮೀಟರ್ ಮಾತ್ರ. ಸೈಕಲ್ಲಿನಲ್ಲಿ ಶಾಲೆಗೆ ಬರುವ ಮಕ್ಕಳಿಗೂ, ಬೈಕ್ ಓಡಿಸುವ ಅವರ ಅಣ್ಣಂದಿರಿಗೂ ಇದು ಗೊತ್ತಿರಬೇಕು.

ಒಂದು ಷರತ್ತು ನೆನಪಿಡಿ. ಈ ಮೂರು ಸೂತ್ರಗಳು ವೇಗೋತ್ಕರ್ಷ ಒಂದೇ ಸಮ ಇದ್ದಾಗ ಮಾತ್ರ. ಬಸ್ ಮೊದಲು ಓಡಿ ಆಮೇಲೆ ಬ್ರೇಕ್ ಹಾಕಿದರೆ ಎರಡು ತುಂಡು ಮಾಡಿ. ಒಂದು ತುಂಡಿನ ಅಂತಿಮ ವೇಗ ಮುಂದಿನ ತುಂಡಿನ ಆರಂಭಿಕ ವೇಗ.

ನಕ್ಷೆ ಕೊಟ್ರ ದೂರ ಹ್ಯಾಂಗ ತೆಗೀಬೇಕು?

ವೇಗ–ಕಾಲ ನಕ್ಷೆಯಲ್ಲಿ ಗೆರೆಯ ಕೆಳಗಿನ ವಿಸ್ತೀರ್ಣವೇ ಸ್ಥಾನಪಲ್ಲಟ, ಗೆರೆಯ ಇಳಿಜಾರೇ ವೇಗೋತ್ಕರ್ಷ. ಬಸ್ 10 ಸೆಕೆಂಡಿನಲ್ಲಿ ಸೊನ್ನೆಯಿಂದ 15ಕ್ಕೆ ಏರಿ, 40 ಸೆಕೆಂಡ್ ಹಾಗೆಯೇ ಓಡಿ, 5 ಸೆಕೆಂಡಿನಲ್ಲಿ ನಿಂತರೆ ಒಂದು ತ್ರಿಭುಜ 75, ಆಯತ 600, ಇನ್ನೊಂದು ತ್ರಿಭುಜ 37.5. ಒಟ್ಟು 712.5 ಮೀಟರ್. ಎರಡನೇ ಸೂತ್ರದ ಯು × ಟಿ ಒಂದು ಆಯತ, ½ × ಎ × ಟಿ² ಅದರ ಮೇಲೆ ಕೂತ ತ್ರಿಭುಜ. ಆ ½ ಬಂದದ್ದು ಎಲ್ಲಿಂದ ಎಂದು ಕೇಳುವವರಿಗೆ ಈ ಚಿತ್ರ ಬರೆದು ತೋರಿಸಿ.

ಚೆಂಡು ಮ್ಯಾಲೆ ಹೋಗಿ ಒಂದು ಕ್ಷಣ ನಿಂತಾಗ ವೇಗೋತ್ಕರ್ಷನೂ ಸೊನ್ನೆ ಅಲ್ಲೇನು?

ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆ ಅಲ್ಲ. ಅಲ್ಲಿಯೂ ಅದು ಕೆಳಮುಖವಾಗಿ 9.8 ಮೀ./ಸೆ². ಅದೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ಗಾಳಿಯಲ್ಲಿ ನಿಂತುಬಿಡುತ್ತಿತ್ತು.

ಮಾಳಿಗಿ ಮ್ಯಾಲಿಂದ ಚೆಂಡು ಮ್ಯಾಲಕ್ಕ ಎಸೆದ್ರ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅಂತ ಗೊಂದಲ ಆಗ್ತದ.

ಮೊದಲ ಸಾಲಿನಲ್ಲೇ "ಮೇಲಿನ ದಿಕ್ಕು ಧನ" ಎಂದು ಬರೆಯಿರಿ, ಕೊನೆಯ ತನಕ ಬದಲಿಸಬೇಡಿ. 25 ಮೀಟರ್ ಎತ್ತರದ ಮಾಳಿಗೆಯಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ನೇರ ಮೇಲಕ್ಕೆ ಎಸೆದರೆ ನೆಲಕ್ಕೆ ಬೀಳುವುದು ಎಷ್ಟು ಹೊತ್ತಿಗೆ? ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿಯೋಣ, ಗಾಳಿಯ ತಡೆ ಬಿಡೋಣ. ಯು = +20, ಎ = −10, ಎಸ್ = −25. ನೆಲ ಎಸೆದ ಜಾಗಕ್ಕಿಂತ ಕೆಳಗಿದೆ, ಅದಕ್ಕೆ ಎಸ್ ಋಣ. ಮೇಲೆ ಹೋಗುವುದು, ಇಳಿಯುವುದು ಎಂದು ತುಂಡು ಮಾಡಬೇಕಾಗಿಲ್ಲ, ವೇಗೋತ್ಕರ್ಷ ಪೂರ್ತಿ ಒಂದೇ.

−25 = 20ಟಿ − 5ಟಿ²
ಟಿ² − 4ಟಿ − 5 = 0
(ಟಿ − 5)(ಟಿ + 1) = 0

ಉತ್ತರ 5 ಸೆಕೆಂಡ್. ಆಗಿನ ವೇಗ 20 − 50 = −30, ಅಂದರೆ ಕೆಳಮುಖವಾಗಿ 30.

ಹಾಗಾದರೆ −1 ಏನು? ಎಸೆಯುವ 1 ಸೆಕೆಂಡ್ ಮುಂಚೆ ಎಂದರ್ಥ. ಯಾರೋ ನೆಲದಿಂದಲೇ ಆ ಹೊತ್ತಿಗೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಎಸೆದಿದ್ದರೆ, ಒಂದು ಸೆಕೆಂಡಿನಲ್ಲಿ ಚೆಂಡು 30 − 5 = 25 ಮೀಟರ್ ಏರಿ, ಸರಿಯಾಗಿ ಮಾಳಿಗೆಯ ಮಟ್ಟದಲ್ಲಿ 20ರ ವೇಗದಲ್ಲಿ ಇರುತ್ತಿತ್ತು. ಅಲ್ಲಿಂದ ಮುಂದಿನ ದಾರಿ ನಮ್ಮ ಚೆಂಡಿನದೇ ದಾರಿ. ನಮ್ಮ ಲೆಕ್ಕ ಎಸೆದ ಹೊತ್ತಿನಿಂದ ಶುರು, ಅದಕ್ಕೆ −1 ಬಿಡುತ್ತೇವೆ. ಆದರೆ ಅದು ಅರ್ಥವಿಲ್ಲದ ಸಂಖ್ಯೆಯಲ್ಲ. ನೆಲದಿಂದ 30ರಲ್ಲಿ ಹೊರಟು ನೆಲಕ್ಕೆ 30ರಲ್ಲೇ ಬೀಳುತ್ತದೆ ಎಂಬುದನ್ನೂ ನೋಡಿದಿರಲ್ಲ?

ಎರಡೂ ಉತ್ತರ ಧನನೇ ಬಂದ್ರ ಏನ್ ಮಾಡ್ಬೇಕು?

ಎರಡನ್ನೂ ವಾಕ್ಯಕ್ಕೆ ಇಟ್ಟು ಓದಿ. ಬಸ್ ಸ್ಟ್ಯಾಂಡಿನಲ್ಲಿ ಬಸ್ ಹೊರಡುತ್ತಿದೆ, ನಿಂತ ಜಾಗದಿಂದ 1 ಮೀ./ಸೆ² ವೇಗೋತ್ಕರ್ಷದಲ್ಲಿ. ಬಾಗಿಲಿನಿಂದ 8 ಮೀಟರ್ ಹಿಂದೆ ಇರುವ ಹುಡುಗಿ ಅದೇ ಕ್ಷಣಕ್ಕೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡಲು ಶುರು ಮಾಡುತ್ತಾಳೆ. ಬಾಗಿಲಿಗೆ ಸಮ ಬರುವುದು ಯಾವಾಗ? (ಲೆಕ್ಕಕ್ಕಾಗಿ ಕೇಳಿದ್ದು. ಚಲಿಸುವ ಬಸ್ ಹತ್ತಬೇಡಿ.)

ಅವಳು ಓಡಿದ್ದು 5ಟಿ. ಬಾಗಿಲು ಇರುವುದು 8 + ½ಟಿ². ಎರಡೂ ಸಮ:

5ಟಿ = 8 + ½ಟಿ²
ಟಿ² − 10ಟಿ + 16 = 0
(ಟಿ − 2)(ಟಿ − 8) = 0

2 ಸೆಕೆಂಡಿಗೆ ಅವಳು ಬಾಗಿಲಿಗೆ ಬಂದಳು. ಹತ್ತದೆ ಓಡುತ್ತಲೇ ಇದ್ದರೆ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾಳೆ. ಅಷ್ಟರಲ್ಲಿ ಬಸ್ಸಿನ ವೇಗ ಏರಿ, 8ನೇ ಸೆಕೆಂಡಿಗೆ ಬಾಗಿಲು ಅವಳನ್ನು ಮತ್ತೆ ಹಿಡಿಯುತ್ತದೆ. ಎರಡೂ ನಿಜ. ಕೇಳಿದ್ದು ಮೊದಲ ಸಲ ಎಂದಾದರೆ 2 ಬರೆಯಿರಿ.

ಈಗ 8 ಮೀಟರ್ ಬದಲು 12.5 ಮೀಟರ್ ಇಡಿ. ಟಿ² − 10ಟಿ + 25 = 0, ಶೋಧಕ ಸೊನ್ನೆ, ಟಿ = 5 ಒಂದೇ ಉತ್ತರ. ಆ ಕ್ಷಣಕ್ಕೆ ಬಸ್ಸಿನ ವೇಗವೂ 5, ಅವಳದೂ 5. ಸಮ ಬಂದಳು, ಆದರೆ ಮುಂದೆ ಹೋಗಲಾರಳು. 14 ಮೀಟರ್ ಇಟ್ಟರೆ ಶೋಧಕ 100 − 112 = −12. ವಾಸ್ತವ ಮೂಲ ಇಲ್ಲ, ಬಸ್ ತಪ್ಪಿತು. ಅವಳು ಅತಿ ಹತ್ತಿರ ಬರುವುದು ಆಗಲೂ ಎರಡು ವೇಗಗಳು ಸಮವಾಗುವ 5ನೇ ಸೆಕೆಂಡಿನಲ್ಲೇ. ಬಾಗಿಲು 14 + 12.5 = 26.5 ಮೀಟರ್‌ನಲ್ಲಿ, ಅವಳು 25 ಮೀಟರ್‌ನಲ್ಲಿ, ಉಳಿದ ಅಂತರ ಒಂದೂವರೆ ಮೀಟರ್.